ಗುಂಡಿನ ಅಂಜಿಕೆ: ಭುಜ ಮುರಿಯದು, ಕಿವಿ ಕೆಟ್ಟೀತು

ಬೀದರ್, ಭಾಲ್ಕಿ, ಔರಾದ್ ಕಡೆಯ ಎನ್‌ಸಿಸಿ ಹುಡುಗ-ಹುಡುಗಿಯರಲ್ಲಿ ಬಹಳ ಮಂದಿ ಹಾರಿಸುವ ಮೊದಲ ಗುಂಡು .22 ಡಿಲಕ್ಸ್ ರೈಫಲ್‌ನದು. ಬೋರಲು ಮಲಗಿ 25 ಮೀಟರ್ ದೂರದ ಗುರಿಗೆ ಐದು ಗುಂಡು, ಅಷ್ಟೇ. ಅದಕ್ಕೂ ಹಿಂದಿನ ರಾತ್ರಿ ನಿದ್ದೆಗೆಡುವವರಿದ್ದಾರೆ. ಕೆಡಿಸುವುದು ಬಹುಪಾಲು ಸೀನಿಯರ್‌ಗಳ ಕಥೆಗಳೇ.

‘ಬಟ್ ಒದೀತಂದ್ರ ಭುಜಾನೇ ಹೋಗ್ತದ’ ಎಂಬುದು ಅವುಗಳಲ್ಲಿ ಹಳೆಯದು. ಲೆಕ್ಕ ಹಾಕಿ ನೋಡಿ. .22 ಗುಂಡಿನ ತೂಕ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು. ಮೂರು ಕಿಲೊ ರೈಫಲ್ ಅದರಿಂದ ಹಿಂದೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್. ಯಾರೋ ಹೆಗಲು ತಟ್ಟಿದಷ್ಟು. ನೋವು ಕೊಡುವುದು .303 ರೈಫಲ್, ಅದರ ಗುಂಡೇ 11 ಗ್ರಾಂ ಮೀರುತ್ತದೆ, ತಳ್ಳುವ ರಭಸ ಹತ್ತು ಪಟ್ಟು. ಅದೂ ಬಟ್ಟನ್ನು ಭುಜಕ್ಕೆ ಒತ್ತಿ ಹಿಡಿಯದೆ ಸಡಿಲ ಬಿಟ್ಟವರಿಗೇ ಹೆಚ್ಚು.

‘ಒಮ್ಮಿ ದೊಡ್ಡದೇ ಹೊಡೆಸ್ರಿ, ಅಂಜಿಕಿ ತಾನೇ ಹೋಗ್ತದ’ ಎಂಬ ಸಲಹೆ ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ದೊಡ್ಡ ಸದ್ದು, ದೊಡ್ಡ ಒದೆತ ಒಮ್ಮೆ ಅನುಭವಿಸಿದ ಮೈ ಮುಂದಿನ ಸಲ ಗುಂಡು ಹಾರುವ ಮುಂಚೆಯೇ ಬೆಚ್ಚುತ್ತದೆ. ಕಣ್ಣು ಮುಚ್ಚುತ್ತದೆ, ನಳಿಕೆ ತಗ್ಗುತ್ತದೆ, ಗುಂಡು ಗುರಿಯ ಕೆಳಗೆ ಹೋಗುತ್ತದೆ. ಹೊಡೆದವನಿಗೆ ಇದು ಗೊತ್ತೇ ಆಗುವುದಿಲ್ಲ, ಸದ್ದು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಹಾಗಾಗಿ ಅನುಭವಿ ತರಬೇತುದಾರರು ಹೇಳದೆ ಕೇಳದೆ ನಡುವೆ ಒಂದು ಡಮ್ಮಿ ಕಾರತೂಸು ಸೇರಿಸುತ್ತಾರೆ. ಟ್ರಿಗರ್ ಒತ್ತಿದಾಗ ಸದ್ದಿಲ್ಲ, ನಳಿಕೆ ಮಾತ್ರ ಜಗ್ಗಿದ್ದು ಕಾಣುತ್ತದೆ. ಕಂಡ ಮೇಲೆ ತಿದ್ದುವುದು ಸುಲಭ. ಸರಿಯಾದ ದಾರಿ ಸಣ್ಣದರಿಂದ ದೊಡ್ಡದಕ್ಕೆ: ಮೊದಲು ಏರ್ ರೈಫಲ್, ಆಮೇಲೆ .22, ಒಂದೊಂದೇ ಗುಂಡು. ಏರ್ ರೈಫಲ್ ಆಟಿಕೆ ಎಂದು ಮೂಗು ಮುರಿಯುವವರು ನೆನಪಿಡಲಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಲ್ಲೇ.

ಕಿವಿ ಮುಚ್ಚಿಕೊಳ್ಳುವವರು ಪುಕ್ಕಲರೇ? .22 ರೈಫಲ್ ಸದ್ದೇ 140 ಡೆಸಿಬೆಲ್ ಹತ್ತಿರ, ದೊಡ್ಡವುಗಳದ್ದು ಇನ್ನೂ ಹೆಚ್ಚು. ಹಾಳಾದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಹತ್ತಿ ತುರುಕಿದರೆ ಸಾಲದು. ಇಯರ್‌ಪ್ಲಗ್, ಮೇಲೊಂದು ಇಯರ್‌ಮಫ್ ಬೇಕು. ಹೊಸಬರ ಅರ್ಧ ಅಂಜಿಕೆ ಸದ್ದಿನದೇ ಆದ್ದರಿಂದ ಕಿವಿ ಭದ್ರವಾದರೆ ಕೈ ನಡುಕವೂ ಇಳಿಯುತ್ತದೆ. ಉಳಿದದ್ದು ರೂಢಿ. ಬೀದರ್ ವಾಯುನೆಲೆಯ ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳು ನೆತ್ತಿಯ ಮೇಲೆ ಹಾದಾಗ ಪರವೂರಿನವರು ತಲೆ ತಗ್ಗಿಸುತ್ತಾರೆ, ಬೀದರಿನವರು ಚಹಾದ ಕಪ್ಪನ್ನೂ ಕೆಳಗಿಡುವುದಿಲ್ಲ.

ಹಾಗೆಂದು ಭಯವೆಲ್ಲ ದೌರ್ಬಲ್ಯ ಎನ್ನಲಾಗದು. 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿಸಿ ಹಣ ದೋಚಿದ್ದನ್ನು ಊರು ಮರೆತಿಲ್ಲ. ಬಂದೂಕು ಏನು ಮಾಡಬಲ್ಲದೆಂಬ ಆ ಅರಿವು ಇರಲೇಬೇಕು. ನಳಿಕೆ ಸದಾ ಗುರಿಯತ್ತ, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ, ಖಾಲಿ ಎಂದು ಯಾರೇ ಹೇಳಿದರೂ ತುಂಬಿದೆ ಎಂದೇ ಎಣಿಕೆ: ಈ ಶಿಸ್ತು ಬರುವುದು ಅದರಿಂದಲೇ.

ಕೈ ನಡುಗುತ್ತಿದ್ದರೆ ಸುಮ್ಮನಿರಬೇಡಿ, ಬೋರಲು ಮಲಗುವ ಮುಂಚೆಯೇ ತರಬೇತಿ ಕೊಡುವ ಉಸ್ತಾದರಿಗೆ ಹೇಳಿ. ಉಸ್ತಾದರೇ, ಹಾಗೆ ಹೇಳಿದವರನ್ನು ಸಾಲಿನ ಮುಂದೆ ನಗೆಪಾಟಲು ಮಾಡಬೇಡಿ.