ಐದು ಕೋಟಿ ಒತ್ತು, ಒಂದು ವರ್ಷ ವಾರಂಟಿ

ಕೀಬೋರ್ಡಿನ ಡಬ್ಬಿಯ ಮೇಲೆ ಕಂಪನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು 5 ಕೋಟಿ ಎಂಬ ಅಂಕಿ. ಈಚೆಗೆ ಅದು ಕೆಲವು ಡಬ್ಬಿಗಳ ಮೇಲೆ 8 ಕೋಟಿ, 10 ಕೋಟಿಗೂ ಏರಿದೆ. ಇಷ್ಟು ಸಲ ಒತ್ತಿದರೂ ಕೆಡುವುದಿಲ್ಲ ಎಂದು ಭರವಸೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇದೇ ಮಂತ್ರ, ಯೂಟ್ಯೂಬಿನ ಪಂಡಿತರದ್ದೂ ಇದೇ ಮಂತ್ರ. ಸಣ್ಣ ಮೇಜಿಗೆ ಒಂದು ಗಟ್ಟಿಮುಟ್ಟಾದ ಕೀಬೋರ್ಡ್ ಬೇಕು, ಯಾವುದು ತಗೊಳ್ಳಲಿ ಎಂದು ಕೇಳುವವರು ಎರಡು ಫೋಟೊ ಕಳಿಸುತ್ತಾರೆ. ಕೆಳಗೆ ಒಂದು ಸಾಲು: ‘ಇದು ಐದು ಕೋಟಿ, ಅದು ಎಂಟು ಕೋಟಿ. ಎಂಟರದ್ದೇ ಒಳ್ಳೇದಲ್ವಾ?’

ಅಲ್ಲ. ಎಷ್ಟು ಸಲ ಹೇಳಿದರೂ ಈ ಅಂಕಿಯ ಮೋಹ ಬಿಡುವುದಿಲ್ಲವಾದ್ದರಿಂದ ಒಮ್ಮೆ ಕೂತು ಲೆಕ್ಕವನ್ನೇ ಮಾಡಿಬಿಡೋಣ.

ನಿಮಿಷಕ್ಕೆ 40 ಪದ ಟೈಪ್ ಮಾಡುವವರು ಒಳ್ಳೆಯ ಟೈಪಿಸ್ಟರೇ. ಪದಕ್ಕೆ ಐದು ಒತ್ತು ಎಂದರೆ ನಿಮಿಷಕ್ಕೆ 200, ಗಂಟೆಗೆ 12,000. ತಲೆ ಎತ್ತದೆ, ಯೋಚನೆ ಮಾಡದೆ, ಫೋನ್ ನೋಡದೆ ದಿನಕ್ಕೆ ಆರು ಗಂಟೆ ಕುಟ್ಟಿದರೆ 72,000 ಒತ್ತು. ಆದರೆ ಡಬ್ಬಿಯ ಮೇಲಿನ 5 ಕೋಟಿ ಇಡೀ ಕೀಬೋರ್ಡಿನದ್ದಲ್ಲ, ಒಂದೊಂದು ಕೀಯದ್ದು. ಅತಿ ಹೆಚ್ಚು ಏಟು ತಿನ್ನುವ ಸ್ಪೇಸ್ ಬಾರಿಗೆ ಇಂಗ್ಲಿಷ್ ಬರವಣಿಗೆಯಲ್ಲಿ ಸುಮಾರು ಆರರಲ್ಲೊಂದು ಪಾಲು ಬೀಳುತ್ತದೆ. ಅಂದರೆ ದಿನಕ್ಕೆ 12,000. ವರ್ಷಕ್ಕೆ 300 ದಿನ ಹೀಗೆ ಕುಟ್ಟಿದರೆ 36 ಲಕ್ಷ. ಐದು ಕೋಟಿ ಮುಟ್ಟಲು ಸುಮಾರು 14 ವರ್ಷ ಬೇಕು. ದಿನಕ್ಕೆ ಎರಡು ಗಂಟೆಯ ಟೈಪಿಂಗ್ ಇದ್ದವರಿಗೆ 40 ವರ್ಷ ದಾಟುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಹೆಚ್ಚು, ಏಕೆಂದರೆ ನಮ್ಮ ಪದಗಳು ಉದ್ದ, ನಡುವಿನ ಖಾಲಿ ಜಾಗ ಕಡಿಮೆ. ಇನ್ನು ‘ಝಡ್’ ಕೀಗೆ 5 ಕೋಟಿ ತಲುಪಬೇಕಾದರೆ ನಿಮ್ಮ ಮೊಮ್ಮಕ್ಕಳೂ ಕೂತು ಒತ್ತಬೇಕು.

ಹಾಗಿದ್ದರೆ 5 ಕೋಟಿಯದ್ದಕ್ಕೂ 8 ಕೋಟಿಯದ್ದಕ್ಕೂ ಇರುವ ವ್ಯತ್ಯಾಸ ಯಾರ ಆಯುಸ್ಸಿನಲ್ಲಿ ಗೊತ್ತಾಗಬೇಕು? ಇದಕ್ಕೆ ಉತ್ತರ ಅದೇ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದೆ: ವಾರಂಟಿ ಒಂದು ವರ್ಷ. ಉದಾರಿಗಳಾದರೆ ಎರಡು ವರ್ಷ. ಮುಂಬದಿಯಲ್ಲಿ ನಲವತ್ತು ವರ್ಷದ ಭರವಸೆ ಕೊಟ್ಟವರು ಹಿಂಬದಿಯಲ್ಲಿ ಹನ್ನೆರಡೇ ತಿಂಗಳಿಗೆ ಕೈ ಎತ್ತುತ್ತಾರೆ. ಎರಡೂ ಮಗ್ಗುಲನ್ನು ಓದುವ ತಾಳ್ಮೆ ಯಾರಿಗೂ ಇಲ್ಲ.

ಕಂಪನಿಗಳು ಸುಳ್ಳು ಹೇಳುತ್ತಿವೆ ಎಂದು ನಾನು ಹೇಳುತ್ತಿಲ್ಲ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ, ಪ್ರತಿ ಕೀ ಅಡಿ ಕೂರುವ ಎಂಎಕ್ಸ್ ಸ್ವಿಚ್‌ಗಳು ನಿಜಕ್ಕೂ ಗಟ್ಟಿ. ಅವುಗಳ ಪೇಟೆಂಟ್ ಅವಧಿ ಮುಗಿದ ಮೇಲೆ ಕೈಲ್, ಗ್ಯಾಟರಾನ್, ಔಟೆಮು ಮುಂತಾದ ಚೀನಾ ತಯಾರಕರು ಅದೇ ಅಚ್ಚಿನಲ್ಲಿ ತಯಾರಿಸುತ್ತಿರುವವೂ ಕಳಪೆಯೇನಲ್ಲ. ಆದರೆ ಆ ಅಂಕಿ ಬರುವುದು ಪರೀಕ್ಷಾ ಕೊಠಡಿಯಲ್ಲಿ. ಯಂತ್ರವೊಂದು ಸ್ವಿಚ್ಚನ್ನು ನೆಟ್ಟಗೆ ಮೇಲಿಂದ ಕೆಳಕ್ಕೆ, ಒಂದೇ ಬಲದಲ್ಲಿ ಒತ್ತುತ್ತಿರುತ್ತದೆ. ಅಲ್ಲಿ ಚಹಾ ಇಲ್ಲ, ಚಕ್ಕುಲಿ ಪುಡಿ ಇಲ್ಲ, ಜೂನ್ ತಿಂಗಳ ಮಂಗಳೂರಿನ ತೇವ ಇಲ್ಲ, ಸಿಟ್ಟು ಬಂದಾಗ ಎಂಟರ್ ಕೀಯನ್ನು ಗುದ್ದುವ ಮನುಷ್ಯನಿಲ್ಲ. ಪರೀಕ್ಷೆ ಆಗುವುದು ಸ್ವಿಚ್ಚಿಗೆ. ನೀವು ಕೊಳ್ಳುವುದು ಕೀಬೋರ್ಡ್.

ಕೀಬೋರ್ಡ್ ಸಾಯುವ ಬಗೆಗಳೇ ಬೇರೆ. ಮೊದಲನೆಯದು ವೈರು. ಕೀಬೋರ್ಡಿನಿಂದ ವೈರು ಹೊರಬರುವ ಕುತ್ತಿಗೆಯ ಬಳಿ ಬಗ್ಗಿ ಬಗ್ಗಿ ಒಳಗಿನ ತಂತಿ ತುಂಡಾಗುತ್ತದೆ. ಸಣ್ಣ ಮೇಜಿನವರಿಗೆ ಇದು ಇನ್ನೂ ಬೇಗ, ಯಾಕೆಂದರೆ ಊಟದ ತಟ್ಟೆ ಬಂದಾಗಲೆಲ್ಲ ಕೀಬೋರ್ಡ್ ಎತ್ತಿ ಗೋಡೆಗೆ ಒರಗಿಸಿಡುತ್ತಾರೆ. ಎರಡನೆಯದು ದ್ರವ. ಹಾಲು ಸಕ್ಕರೆ ಬೆರೆತ ಚಹಾ ಒಣಗಿ ಅಂಟಾಗಿ, ಸಾದಾ ಕೀಬೋರ್ಡುಗಳಲ್ಲಿ ಕೀಗಳ ಅಡಿ ಹಾಸಿರುವ ಮೆಂಬ್ರೇನ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲಿನ ಬೆಳ್ಳಿ ಬಣ್ಣದ ಗೆರೆಗಳನ್ನು ತಿನ್ನುತ್ತದೆ. ಆ ಸಕ್ಕರೆಯ ಜಾಡು ಹಿಡಿದು ಇರುವೆಗಳೂ ಒಳಗೆ ಸಂಸಾರ ಹೂಡುತ್ತವೆ. ವೈರ್‌ಲೆಸ್ ಆದರೆ ಒಳಗಿನ ಲಿಥಿಯಂ ಬ್ಯಾಟರಿ. ನೀವು ಒತ್ತಿದರೂ ಬಿಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಅದಕ್ಕೂ ಮೊದಲು ಉಗುರಿನಷ್ಟು ಪುಟ್ಟ ಡಾಂಗಲ್ ಕಳೆದುಹೋಗಿರುತ್ತದೆ.

ಇನ್ನೊಂದು ಕಾಯಿಲೆ ಇದೆ: ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳುವುದು. ‘ಅವರು’ ಎಂದು ಹೊಡೆದರೆ ‘ಅವರರು’ ಆಗುತ್ತದೆ. ಲೋಹದ ಎರಡು ತುದಿಗಳು ಮುಟ್ಟುವಾಗ ಕ್ಷಣಾರ್ಧ ಪುಟಿಯುವುದು ಸಹಜ. ಕೀಬೋರ್ಡಿನೊಳಗಿನ ಚಿಪ್ ಕೆಲವು ಮಿಲಿಸೆಕೆಂಡ್ ಕಾದು ಆ ಪುಟಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತದೆ. ಸಂಪರ್ಕದ ಮೇಲೆ ಧೂಳೋ ಕಿಲುಬೋ ಕೂತರೆ ಪುಟಿತ ಉದ್ದವಾಗಿ ಚಿಪ್ಪಿನ ತಾಳ್ಮೆ ಮೀರುತ್ತದೆ. ಇದಕ್ಕೆ ಐದು ಕೋಟಿ ಒತ್ತು ಬೇಡ, ಕಿಟಕಿ ಪಕ್ಕದ ಮೇಜಿನಲ್ಲಿ ಒಂದು ಮಳೆಗಾಲ ಸಾಕು.

ಧೂಳಿನ ಶಕ್ತಿ ಗೊತ್ತಾಗಬೇಕಾದರೆ ಆ್ಯಪಲ್ ಕಥೆ ಕೇಳಬೇಕು. 2015ರಲ್ಲಿ ಆ ಕಂಪನಿ ತನ್ನ ಮ್ಯಾಕ್‌ಬುಕ್‌ನಲ್ಲಿ ‘ಬಟರ್‌ಫ್ಲೈ’ ಎಂಬ ತೀರಾ ತೆಳು ಕೀಬೋರ್ಡ್ ತಂದಿತು. ಒಂದು ಕಣ ಧೂಳು ಕೀ ಕೆಳಗೆ ಸೇರಿದರೂ ಅದು ಮೇಲೇಳುತ್ತಿರಲಿಲ್ಲ, ಇಲ್ಲವೇ ಎರಡೆರಡು ಸಲ ಒತ್ತಿಕೊಳ್ಳುತ್ತಿತ್ತು. 2018ರಲ್ಲಿ ಉಚಿತ ರಿಪೇರಿ ಯೋಜನೆ ಘೋಷಿಸಬೇಕಾಯಿತು, 2019ರ ಕೊನೆಗೆ ಹಳೆಯ ಕತ್ತರಿ ಮಾದರಿಗೇ ಮರಳಬೇಕಾಯಿತು. 2022ರಲ್ಲಿ ಗ್ರಾಹಕರ ಮೊಕದ್ದಮೆಯನ್ನು ರಾಜಿ ಮಾಡಿಕೊಳ್ಳಲು ಕಂಪನಿ ತಪ್ಪೊಪ್ಪಿಕೊಳ್ಳದೆಯೇ ಕೊಡಲು ಒಪ್ಪಿದ ಮೊತ್ತ 5 ಕೋಟಿ ಡಾಲರ್. ಕೀಬೋರ್ಡ್ ಲೋಕದಲ್ಲಿ ನನಗೆ ನಂಬಿಕೆ ಇರುವ ಐದು ಕೋಟಿ ಇದೊಂದೇ.

ಈ ಅಂಕಿಮೋಹದ ತಮ್ಮನೊಬ್ಬನಿದ್ದಾನೆ: ‘ಮೆಕ್ಯಾನಿಕಲ್ ಅಂದರೆ ಗಟ್ಟಿ, ಮೆಂಬ್ರೇನ್ ಅಂದರೆ ಪ್ಲಾಸ್ಟಿಕ್ ಕಸ.’ ಕೀಗೊಂದು ಬಿಡಿ ಸ್ವಿಚ್ ಇದ್ದರೆ ಅದು ಮೆಕ್ಯಾನಿಕಲ್. ಗಟ್ಟಿತನಕ್ಕೆ ಜಗತ್ತೇ ಉದಾಹರಿಸುವ ಕೀಬೋರ್ಡ್ ಐಬಿಎಂನ ಮಾಡೆಲ್ ಎಂ. 1985ರದ್ದು, ಸುಮಾರು ಎರಡು ಕಿಲೋ ತೂಕ, ಇವತ್ತಿಗೂ ಹುಡುಕಿ ಕೊಂಡು ಬಳಸುವವರಿದ್ದಾರೆ. ಅದನ್ನು ಬಿಚ್ಚಿದರೆ ಪ್ರತಿ ಕೀ ಅಡಿಯಲ್ಲೂ ಒಂದು ಸ್ಪ್ರಿಂಗು, ಎಲ್ಲ ಸ್ಪ್ರಿಂಗುಗಳ ಅಡಿಯಲ್ಲಿ ಒಂದು ಮೆಂಬ್ರೇನ್ ಹಾಳೆ! ಹೌದು, ಕಸ ಎಂದು ಬೈಸಿಕೊಳ್ಳುವ ಅದೇ ಮೆಂಬ್ರೇನ್. ಅದರಲ್ಲಿ ಮೊದಲು ಸೋಲುವುದು ಹಾಳೆಯೂ ಅಲ್ಲ, ಸ್ಪ್ರಿಂಗೂ ಅಲ್ಲ. ಹಿಂಬದಿಯ ತಗಡನ್ನು ಹಿಡಿದಿರುವ ಪ್ಲಾಸ್ಟಿಕ್ ಗುಬಟುಗಳು ದಶಕಗಳ ಮೇಲೆ ಒಂದೊಂದಾಗಿ ಮುರಿಯುತ್ತವೆ.

‘ಚಿಕ್ಕದು ಬಾಳಿಕೆ ಬರುವುದಿಲ್ಲ’ ಎನ್ನುವವರಿಗೂ ಇದೇ ಮನೆತನದಲ್ಲಿ ಉತ್ತರವಿದೆ. 1987ರಲ್ಲಿ ಐಬಿಎಂ ನಂಬರ್ ಪ್ಯಾಡ್ ಕತ್ತರಿಸಿ, ಜಾಗ ಉಳಿಸುವ ಕೀಬೋರ್ಡ್ ಎಂಬ ಹೆಸರಿಟ್ಟು ಮಾಡೆಲ್ ಎಂನ ಗಿಡ್ಡ ರೂಪವನ್ನೇ ತಂದಿತ್ತು. ಒಳಗಿನ ರಚನೆ ಒಂದೇ. ಜಪಾನಿನಲ್ಲಿ ಪ್ರೊಫೆಸರ್ ಎಯಿತಿ ವಾಡಾ ಅವರ ಕಲ್ಪನೆಯಂತೆ 1996ರಲ್ಲಿ ಬಂದ ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್ ಇನ್ನೂ ಚಿಕ್ಕದು. ಅದರ ವಂಶ ಇವತ್ತಿಗೂ ನಡೆಯುತ್ತಿದೆ. ಚಿಕ್ಕ ಕೀಬೋರ್ಡಿನಲ್ಲಿ ಕೀಗಳೂ ಚಿಕ್ಕವಿರುತ್ತವೆ, ದಪ್ಪ ಬೆರಳಿಗೆ ಆಗುವುದಿಲ್ಲ ಎಂಬುದೂ ಬಹುಪಾಲು ಸುಳ್ಳು. ಒಳ್ಳೆಯ ಕಾಂಪ್ಯಾಕ್ಟ್‌ಗಳಲ್ಲಿ ಒಂದು ಕೀ ನಡುವಿನಿಂದ ಪಕ್ಕದ ಕೀ ನಡುವಿಗೆ ಇರುವ ದೂರ ದೊಡ್ಡದರಲ್ಲಿರುವಷ್ಟೇ, 19 ಮಿ.ಮೀ. ಹೋಗುವುದು ಅಂಚಿನ ಕೀಗಳು ಮಾತ್ರ. ತೂಕದ್ದೆಲ್ಲ ಗಟ್ಟಿ ಎನ್ನುವವರಿಗೆ ಒಂದೇ ಮಾತು: ಅಗ್ಗದ ಕೀಬೋರ್ಡಿನೊಳಗೆ ತೂಕಕ್ಕೆಂದೇ ಒಂದು ಕಬ್ಬಿಣದ ಪಟ್ಟಿ ಅಂಟಿಸುವುದು ಕಷ್ಟದ ಕೆಲಸವಲ್ಲ. ಮತ್ತು ‘ಮೆಕ್ಯಾನಿಕಲ್ ಫೀಲ್’ ಎಂದು ಬರೆದಿದ್ದರೆ ಅದು ಮೆಕ್ಯಾನಿಕಲ್ ಅಲ್ಲ ಎಂದು ಅವರೇ ಬರೆದುಕೊಟ್ಟಂತೆ.

ಜಾಗದ ಲೆಕ್ಕಕ್ಕೆ ಬಂದರೆ, ಪೂರ್ಣ ಗಾತ್ರದ್ದು ಸುಮಾರು 44 ಸೆಂ.ಮೀ. ಅಗಲ. ನಂಬರ್ ಪ್ಯಾಡ್ ಇಲ್ಲದ್ದು 36ರ ಆಸುಪಾಸು, 75 ಶೇಕಡಾ ಎನ್ನುವುದು 32, ಎಫ್ ಸಾಲೂ ಬಾಣದ ಕೀಗಳೂ ಇಲ್ಲದ 60 ಶೇಕಡಾದ್ದು 30 ಸೆಂ.ಮೀ. ಒಳಗೆ. ಅರವತ್ತು ಸೆಂ.ಮೀ. ಅಗಲದ ಮೇಜಿನಲ್ಲಿ ಪೂರ್ಣ ಗಾತ್ರದ್ದನ್ನಿಟ್ಟರೆ ಮೌಸ್ ಓಡಾಡಲು ಉಳಿಯುವುದು ಗೇಣಿಗಿಂತ ಕಡಿಮೆ. ನಂಬರ್ ಪ್ಯಾಡ್ ಬಿಟ್ಟ ಕೂಡಲೇ ಎಂಟು ಸೆಂ.ಮೀ. ವಾಪಸ್. ಆದರೆ ಅತಿ ಚಿಕ್ಕದೇ ಅತಿ ಉತ್ತಮ ಎಂಬ ಹೊಸ ಹುಚ್ಚು ಶುರುವಾಗಿದೆ, ಅದರ ಬಗ್ಗೆ ಎಚ್ಚರಿಕೆ ಇರಲಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಪೇಮೆಂಟಿಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಎಂದು ದಿನವಿಡೀ ಒತ್ತುತ್ತಾರೆ. ಅವರ ಕೈಗೆ ಎಫ್ ಸಾಲೇ ಇಲ್ಲದ ಕೀಬೋರ್ಡ್ ಕೊಡುವುದು ಕ್ರೌರ್ಯ. ಅವರಿಗೆ ಎಫ್ ಸಾಲಿರುವ ಚಿಕ್ಕದೊಂದು, ಜೊತೆಗೆ ಬೇಕಾದಾಗ ಹೊರತೆಗೆಯಲು ಬಿಡಿ ನಂಬರ್ ಪ್ಯಾಡ್ ಒಂದು, ಅಷ್ಟೇ.

ಕನ್ನಡದಲ್ಲಿ ಟೈಪ್ ಮಾಡುವವರ ಪಾಡು ಬೇರೆ, ಇದನ್ನು ಯಾವ ಯೂಟ್ಯೂಬ್ ಪಂಡಿತರೂ ಹೇಳುವುದಿಲ್ಲ. ಕನ್ನಡಕ್ಕೆ ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡೇ ಬೇಕು ಎಂಬುದು ತಪ್ಪು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ಅದನ್ನೇ ಅನುಸರಿಸಿದ ನುಡಿ ತಂತ್ರಾಂಶ, ಎರಡೂ ಮಾಮೂಲಿ ಇಂಗ್ಲಿಷ್ ಕೀಗಳ ಮೇಲೆಯೇ ನಡೆಯುತ್ತವೆ. ಆದರೆ ಅಲ್ಲಿ ಸವೆತ ಬೇರೆ ಜಾಗದಲ್ಲಿ. ಒತ್ತಕ್ಷರ ಮೂಡಿಸುವುದು ಎಫ್ ಅಕ್ಷರದ ಕೀ. ಕನ್ನಡ ಡಿಟಿಪಿಯವರ ಹಳೆಯ ಕೀಬೋರ್ಡ್ ನೋಡಿದರೆ ಆ ಅಕ್ಷರ ಅಳಿಸಿ ಬೋಳಾಗಿರುವುದು ಕಾಣುತ್ತದೆ. ಇಂಗ್ಲಿಷಿನಲ್ಲಿ ನಿವೃತ್ತಿ ಜೀವನ ನಡೆಸುವ ಕ್ಯೂ ಕೀ ಇಲ್ಲಿ ‘ಟ’ ಹೊತ್ತು ದುಡಿಯುತ್ತದೆ. ಮಹಾಪ್ರಾಣ, ದೀರ್ಘ, ಣಕಾರ, ಳಕಾರಗಳಿಗೆಲ್ಲ ಶಿಫ್ಟ್ ಬೇಕು. ‘ಹಳ್ಳಿ’ ಎಂದು ಬರೆಯಲು ಎರಡು ಸಲ ಶಿಫ್ಟ್! ಕೆಲವು ಕಾಂಪ್ಯಾಕ್ಟ್‌ಗಳು ಬಾಣದ ಕೀಗಳನ್ನು ತುರುಕಲು ಬಲಗಡೆಯ ಶಿಫ್ಟನ್ನೇ ಕುಗ್ಗಿಸಿ ಒಂದೇ ಕೀ ಅಗಲಕ್ಕೆ ಇಳಿಸಿರುತ್ತವೆ. ಎರಡೂ ಕೈಯ ಶಿಫ್ಟ್ ಬಳಸಿ ಕನ್ನಡ ಕಲಿತವರು ಅಂಥದ್ದನ್ನು ಮುಟ್ಟಬಾರದು. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ದಾಟಲು ಒತ್ತುವುದು ಸ್ಕ್ರಾಲ್ ಲಾಕ್. ಪುಟ್ಟ ಕೀಬೋರ್ಡುಗಳಲ್ಲಿ ಮೊದಲು ಬಲಿಯಾಗುವುದೇ ಅದು. ಎಫ್‌ಎನ್ ಜೊತೆ ಯಾವುದೋ ಕೀ ಒತ್ತಿದರೆ ಅದು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ‘ಇಷ್ಟು ದಿನ ಯಾರೂ ಕೇಳಿಲ್ಲ ಸಾರ್’ ಎಂದು ಅಂಗಡಿಯವರು ಹೇಳಿದರೆ ಆಶ್ಚರ್ಯಪಡಬೇಡಿ. ಯಾರೂ ಕೇಳುವುದಿಲ್ಲ. ಎಷ್ಟು ಕೋಟಿ ಎಂದಷ್ಟೇ ಕೇಳುತ್ತಾರೆ.

ಇದು ಕೀಬೋರ್ಡಿನ ಜನರ ರೋಗ ಮಾತ್ರ ಅಲ್ಲ. ಪವರ್ ಬ್ಯಾಂಕಿನ ಎಂಎಎಚ್, ಫೋನ್ ಕ್ಯಾಮೆರಾದ ಮೆಗಾಪಿಕ್ಸೆಲ್, ಸ್ಪೀಕರಿನ ಮೇಲಿನ ಸಾವಿರಾರು ವಾಟ್, ಎಲ್ಇಡಿ ಬಲ್ಬಿನ 25,000 ಗಂಟೆ, ಎಲ್ಲ ಕಡೆಯೂ ದೊಡ್ಡ ಅಂಕಿಗೆ ಮೊದಲ ಮರ್ಯಾದೆ. ಸೊಪ್ಪು ಕೊಳ್ಳುವಾಗ ಕಟ್ಟು ಬಿಚ್ಚಿ ಒಳಗೆ ಕೊಳೆತದ್ದಿದೆಯೇ ನೋಡುವ ಜನ, ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಯ ಮುಂದೆ ಭಕ್ತರಾಗಿಬಿಡುತ್ತಾರೆ. ಯಾವ ಸ್ಥಿತಿಯಲ್ಲಿ ಅಳೆದರು, ಅಳೆದವರು ಯಾರು, ಅದು ನನ್ನ ಬಳಕೆಗೆ ತಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಿದರೆ ‘ನಿಮಗೆ ಎಲ್ಲದರಲ್ಲೂ ಅನುಮಾನ’ ಎಂಬ ಬಿರುದು ಸಿಗುತ್ತದೆ. ನನಗೆ ಈಗಾಗಲೇ ಸಿಕ್ಕಿದೆ. ಕೀಬೋರ್ಡಿನ ಬಗ್ಗೆಯೇ ಇಂಥ ನಂಬಿಕೆಗಳು ಇನ್ನೂ ಇವೆ. ವೈರ್‌ಲೆಸ್ಸಿನಲ್ಲಿ ಅಕ್ಷರ ತಡವಾಗಿ ಬೀಳುತ್ತದೆ, ಬಣ್ಣದ ದೀಪವಿದ್ದರೆ ದುಬಾರಿ ಮಾಲು, ಸದ್ದು ಮಾಡಿದರೆ ಮೆಕ್ಯಾನಿಕಲ್: ಇವುಗಳಿಗೂ ಉತ್ತರ ಬರೆಯಲು ಕೂತರೆ ಸಂಜೆಯಾಗುತ್ತದೆ.

ಹಾಗಾದರೆ ನೋಡಬೇಕಾದ್ದೇನು? ವೈರು ಕೀಬೋರ್ಡಿನಿಂದ ಕಳಚಿ ಬರುವಂತಿರಲಿ, ಅದೂ ಟೈಪ್-ಸಿ ಆಗಿರಲಿ. ತುಂಡಾದರೆ ಫೋನಿನ ಕೇಬಲ್ ಹಾಕಿ ಕೆಲಸ ಮುಂದುವರಿಸಬಹುದು. ಸ್ವಿಚ್ಚುಗಳು ಬೆಸುಗೆಯಿಲ್ಲದೆ ಕೀಳಲು ಬರುವ ಹಾಟ್-ಸ್ವಾಪ್ ಮಾದರಿಯಾದರೆ, ಒಂದು ಕೆಟ್ಟಾಗ ಕೆಲವೇ ಹತ್ತು ರೂಪಾಯಿಯ ಇನ್ನೊಂದನ್ನು ಚುಚ್ಚಿದರೆ ಮುಗಿಯಿತು; ಇಡೀ ಕೀಬೋರ್ಡ್ ಎಸೆಯಬೇಕಿಲ್ಲ. ಅಕ್ಷರಗಳು ಮೇಲೆ ಅಚ್ಚು ಹಾಕಿದ್ದಾಗಿರದೆ ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದದ್ದಾದರೆ ಸವೆದು ಮಾಯವಾಗುವುದಿಲ್ಲ. ಅಂಥ ಕ್ಯಾಪ್ ಪಿಬಿಟಿ ಪ್ಲಾಸ್ಟಿಕ್ಕಿನದ್ದಾದರೆ ಬೆರಳಿನ ಎಣ್ಣೆಗೆ ಬೇಗ ಹೊಳಪು ಏರುವುದೂ ಇಲ್ಲ. ವೈರ್‌ಲೆಸ್ಸೇ ಬೇಕೆಂದರೆ ಮಾಮೂಲಿ ಸೆಲ್ ಹಾಕುವಂಥದ್ದು ಹೆಚ್ಚು ಕಾಲ ನಡೆಯುತ್ತದೆ, ತಿಂಗಳುಗಟ್ಟಲೆ ಬಳಸದೆ ಇಡುವಾಗ ಸೆಲ್ ತೆಗೆದಿಡುವ ಶಿಸ್ತಿದ್ದರೆ. ಬಜೆಟ್ ಸಾವಿರ ರೂಪಾಯಿಯೊಳಗೆ ಇದ್ದರೆ ಹೆಸರಾಂತ ಕಂಪನಿಯ ಸಾದಾ ಮೆಂಬ್ರೇನ್ ಕೊಂಡು ನೆಮ್ಮದಿಯಾಗಿರಿ.

ಕೊನೆಯದಾಗಿ ಅಕ್ಕಿ. ಚಹಾ ಚೆಲ್ಲಿದ ಕೀಬೋರ್ಡನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟರೆ ಸರಿಯಾಗುತ್ತದೆ ಎಂದು ಓದಿದವರೇ ನನಗೆ ಹೇಳಿದ್ದಾರೆ. ಅಕ್ಕಿ ಸಕ್ಕರೆಯನ್ನೂ ಹಾಲಿನ ಕೆನೆಯನ್ನೂ ಹೀರುವುದಿಲ್ಲ. ನೀರನ್ನಾದರೂ ಹೀರುವುದು ಅಷ್ಟಕ್ಕಷ್ಟೆ, ಜೊತೆಗೆ ತನ್ನ ಹಿಟ್ಟನ್ನು ಒಳಕ್ಕೆ ಕಳಿಸುತ್ತದೆ. ಚೆಲ್ಲಿದ ತಕ್ಷಣ ವೈರ್ ಕಿತ್ತು, ಕೀಬೋರ್ಡನ್ನು ಮಗುಚಿ ಹಾಕಿ, ಕ್ಯಾಪುಗಳನ್ನು ಬಿಡಿಸಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಎರಡು ದಿನ ಫ್ಯಾನಿನ ಗಾಳಿಗೆ ಬಿಡಿ. ಅದಾದ ಮೇಲೂ ‘ಅವರರು’ ಬಂದರೆ ‘ರ’ ಕೀಯ ಸ್ವಿಚ್ ಒಂದನ್ನು ಬದಲಿಸಿ.