ಹಳೇ ಮನೆ ಕೊಳ್ಳುವ ಮುನ್ನ

ಕೊಯ್ಲಿನ ಹಣ ಕೈಸೇರಿದಾಗ ಪೇಟೆಯಲ್ಲೊಂದು ಹಳೇ ಹೆಂಚಿನ ಮನೆ ಕೊಂಡು, ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುವ ಆಲೋಚನೆ ನಮ್ಮ ಸದಸ್ಯ ಬಾಂಧವರಲ್ಲಿ ಹಲವರಿಗುಂಟು. ಕಾಫಿ, ಅಡಿಕೆಯ ಧಾರಣೆ ಕುಸಿದ ವರ್ಷ ತಿಂಗಳ ಬಾಡಿಗೆ ಒಂದು ಆಸರೆಯೇ ಸರಿ. ಆದರೆ ಇಂಥವರು ದುರಸ್ತಿಯ ಕೆಲಸವನ್ನು ಸ್ವಲ್ಪವಾದರೂ ಕಲಿತಿರಬೇಕು. ಕೂಲಿ ಉಳಿಸುವುದಕ್ಕಲ್ಲ, ಮನೆಯ ರೋಗ ತಿಳಿದು ಬೆಲೆ ಕಟ್ಟುವುದಕ್ಕೆ.

ಮನೆಯನ್ನು ಮಳೆಗಾಲದಲ್ಲಿ ನೋಡಬೇಕು. ಬೇಸಿಗೆಯಲ್ಲಿ ಸುಣ್ಣ ಬಳಿದು ನಿಲ್ಲಿಸಿದ ಗೋಡೆ ಯಾವ ಗುಟ್ಟನ್ನೂ ಹೇಳದು. ಹೆಂಚು ಒಡೆದು ಸೋರಿದರೆ ಹೆದರಬೇಕಾಗಿಲ್ಲ, ಅದು ಅರ್ಧ ದಿನದ ಕೆಲಸ. ತೊಲೆ, ಪಕಾಸಿಗಳ ತುದಿ ಗೋಡೆಯ ಮೇಲೆ ಕೂರುವ ಜಾಗವನ್ನು ಮಾತ್ರ ಉಳಿಯಿಂದ ಚುಚ್ಚಿ ನೋಡಿ. ಉಳಿ ಸಲೀಸಾಗಿ ಇಳಿದರೆ ಮರ ಒಳಗೆ ಲಡ್ಡಾಗಿದೆ. ಗಿಡದಲ್ಲಿ ಕಾಂಡಕೊರಕವನ್ನು ಹುಡುಕುವ ಕಣ್ಣಿಗೆ ಇದು ಹೊಸದಲ್ಲ.

ನಾವು ಇದನ್ನು ಕಲಿತದ್ದು ಕೈ ಸುಟ್ಟುಕೊಂಡು. ನಾವು ಕೊಂಡ ಮನೆಯದು ಮಣ್ಣಿನ ಗೋಡೆ, ಬುಡದಲ್ಲಿ ತೇವ. ಸಿಮೆಂಟಿನ ಗಾರೆ ಬಳಿಸಿದೆವು. ನೋಡಲು ಚೆಂದವಾಯಿತು, ಬಾಡಿಗೆದಾರರೂ ಬಂದರು. ಎರಡನೆಯ ಮಳೆಗಾಲಕ್ಕೆ ಗಾರೆ ಹಲಗೆ ಹಲಗೆಯಾಗಿ ಮಣ್ಣನ್ನೂ ಕಿತ್ತುಕೊಂಡು ಬಿತ್ತು. ಅವರು ಮನೆ ಬಿಟ್ಟರು, ನಾಲ್ಕು ತಿಂಗಳು ಬೀಗ. ಗೋಡೆ ಹೀರಿದ ನೀರು ಆರಿಹೋಗಲು ಸಿಮೆಂಟು ಬಿಡದು. ಒಳಗೇ ನಿಂತ ತೇವ ಮಣ್ಣನ್ನು ಸಡಿಲಿಸುತ್ತದೆ.

ತೇವದ ಮೂಲ ಇದ್ದದ್ದು ಹಿತ್ತಿಲಲ್ಲಿ. ಧರೆಯಿಂದ ಜಾರಿದ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿ ಗೋಡೆಗೊರಗಿತ್ತು. ಅದನ್ನು ನಾವೇ ಗುದ್ದಲಿ ಹಿಡಿದು ತೆಗೆದು, ಚರಂಡಿ ತೋಡಿದೆವು. ಗೋಡೆ ಒಣಗಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು ತೆಳುವಾಗಿ ಎರಡು ಸಲ ಬಳಿದು, ಬೇಗ ಒಣಗದಂತೆ ಕೆಲವು ದಿನ ನೀರು ಚಿಮುಕಿಸಿದೆವು. ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸಿ ಗೊತ್ತಿರುವ ಅಡಿಕೆ ಬೆಳೆಗಾರರಿಗೆ ಇದರಲ್ಲಿ ಅರ್ಧ ಪಾಠ ಬಂದಂತೆಯೇ. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ವಿದ್ಯುತ್ ತಂತಿಯ ಕೆಲಸಕ್ಕೆ ಮಾತ್ರ ನಾವು ಕೈ ಹಾಕಬಾರದು, ಪರವಾನಗಿ ಇದ್ದವರೇ ಮಾಡಲಿ. ತೊಲೆ ಬದಲಿಸುವುದು ಅನುಭವಿ ಬಡಗಿಯ ಪಾಲು. ಮುಂಗಡ ಕೊಡುವ ಮೊದಲು ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡುವುದನ್ನಂತೂ ಬಿಡಬೇಡಿ.

ಕಲಿಯಲು ಕೊಂಡ ಮನೆಯೇ ಬೇಕೆಂದಿಲ್ಲ. ಈ ಬೇಸಿಗೆ ನಿಮ್ಮ ಕೊಟ್ಟಿಗೆಯ ಹೆಂಚು ಕೈಯಾಡಿಸುವಾಗ ಗಾರೆಯವರ ಜೊತೆ ಎರಡು ದಿನ ನೀವೂ ನಿಲ್ಲಿ.