ಕೂರಿಗೆ ಭತ್ತದ ಬೇರು ಮತ್ತು ಸಸ್ಯ ಹಾರ್ಮೋನುಗಳ ಪರಸ್ಪರ ಕ್ರಿಯೆ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿರುವ ಖಾನಾಪುರವು ಮಲೆನಾಡು ಮತ್ತು ಬಯಲುಸೀಮೆಗಳು ಸಂಧಿಸುವ ತಾಲ್ಲೂಕು. ಪಶ್ಚಿಮದಲ್ಲಿ ಜಾಂಬೋಟಿ ಹಾಗೂ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗಳಲ್ಲಿ ಅಬ್ಬರಿಸುವ ಮಳೆಯು ಪೂರ್ವದ ಬೀಡಿ, ಇಟಗಿಗಳತ್ತ ಸಾಗಿದಂತೆ ಕ್ಷೀಣಿಸುತ್ತದೆ. ಇಲ್ಲಿ ಕೆಸರುಗದ್ದೆಯ ನಾಟಿಯ ಜೊತೆಗೆ, ಒಣಮಣ್ಣಿನಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ಪದ್ಧತಿಯೂ ಪರಂಪರೆಯಿಂದ ಬಂದಿದೆ. ಮುಂಗಾರಿಗೆ ಮುನ್ನ ಬೀಳುವ ಮಳೆಯ ಹಸಿಯನ್ನು ನಂಬಿ ಬಿತ್ತಿದ ಬೀಜವು ಮೊದಲ ಕೆಲವು ವಾರ ಜೋಳದ ಪೈರಿನಂತೆ ಒಣಭೂಮಿಯಲ್ಲಿ ಬೆಳೆಯುತ್ತದೆ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದ ಮೇಲೆ ಅದೇ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಹೀಗೆ ಒಂದೇ ಬೇರಿನ ವ್ಯವಸ್ಥೆಯು ಜೂನ್‌ನಲ್ಲಿ ನೀರನ್ನು ಅರಸಿಕೊಂಡು ಕೆಳಗಿಳಿಯಬೇಕು, ಜುಲೈನಲ್ಲಿ ಗಾಳಿಯಿಲ್ಲದ ಕೆಸರಿನಲ್ಲಿ ಬದುಕಬೇಕು. ಮುಂಗಾರು ಹದಿನೈದು ದಿನ ತಡವಾದರೆ ಪೈರು ಉಳಿಯುವುದೋ ಒಣಗುವುದೋ ಎಂಬುದು ಬಹುಮಟ್ಟಿಗೆ ಬೇರು ಅಷ್ಟರಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಅವಲಂಬಿಸಿರುತ್ತದೆ. ಈ ಎರಡು ವಿರುದ್ಧ ಕಾರ್ಯಗಳನ್ನು ಬೇರು ನಿರ್ವಹಿಸುವುದು ಬೆರಳೆಣಿಕೆಯಷ್ಟು ಹಾರ್ಮೋನುಗಳ ಮೂಲಕ. ಅವು ಪರಸ್ಪರ ಹೇಗೆ ವರ್ತಿಸುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಕ್ಸಿನ್ ಬೆಳೆಸುತ್ತದೆ, ಅಬ್ಸಿಸಿಕ್ ಆಮ್ಲ ತಡೆಯುತ್ತದೆ, ಎಥಿಲೀನ್ ಹಣ್ಣು ಮಾಗಿಸುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆಗೆ ಇದು ಸಾಕು, ಬೇರಿಗೆ ಸಾಲದು. ಹಾರ್ಮೋನಿಗೆ ತನ್ನಷ್ಟಕ್ಕೆ ಸ್ಥಿರವಾದ ಆದೇಶವೆಂಬುದಿಲ್ಲ. ಅದು ಯಾವ ಜೀವಕೋಶದಲ್ಲಿ, ಎಷ್ಟು ಪ್ರಮಾಣದಲ್ಲಿ, ಯಾರ ಜೊತೆಯಲ್ಲಿದೆ ಎಂಬುದರ ಮೇಲೆ ಅದರ ಪರಿಣಾಮ ನಿರ್ಧಾರವಾಗುತ್ತದೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಅವರು ತಂಬಾಕಿನ ಅಂಗಾಂಶವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಸೈಟೊಕೈನಿನ್‌ಗಿಂತ ಆಕ್ಸಿನ್‌ನ ಅನುಪಾತ ಹೆಚ್ಚಿದಾಗ ಬೇರು, ಕಡಿಮೆಯಾದಾಗ ಚಿಗುರು ಹುಟ್ಟುವುದನ್ನು ತೋರಿಸಿದರು. ಬೇರಿನ ತುದಿಯಲ್ಲಿಯೂ ಇಂತಹುದೇ ಒಂದು ತೂಗಾಟ ನಡೆಯುತ್ತದೆ. ತುದಿಯ ವರ್ಧನ ಅಂಗಾಂಶದಲ್ಲಿ ಆಕ್ಸಿನ್ ಜೀವಕೋಶಗಳನ್ನು ವಿಭಜನೆಯಲ್ಲಿ ತೊಡಗಿಸಿರುತ್ತದೆ. ತುಸು ಮೇಲೆ ಸೈಟೊಕೈನಿನ್ ಅವುಗಳ ವಿಭಜನೆಯನ್ನು ನಿಲ್ಲಿಸಿ ನೀಳವಾಗುವ ಹಂತಕ್ಕೆ ಕಳುಹಿಸುತ್ತದೆ. ಇವೆರಡರ ಗಡಿ ಎಲ್ಲಿ ಬೀಳುತ್ತದೆ ಎಂಬುದರಿಂದ ವರ್ಧನ ಅಂಗಾಂಶದ ಗಾತ್ರವೂ ಬೇರಿನ ವೇಗವೂ ತೀರ್ಮಾನವಾಗುತ್ತವೆ. ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಯಲ್ಲಿ ಇದರ ವಿವರಗಳು 2008ರ ವೇಳೆಗೆ ಸ್ಪಷ್ಟವಾದವು.

ಕೆಳಮುಖದ ದಾರಿ

ಬೇರಿನ ತುದಿಯನ್ನು ಕತ್ತರಿಸಿದರೆ ಅದು ನೆಲದತ್ತ ಬಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1880ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದನು. ಕಾರಣ ಆನಂತರ ತಿಳಿಯಿತು. ತುದಿಯ ಟೊಪ್ಪಿಗೆಯಲ್ಲಿರುವ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿರುತ್ತವೆ. ಬೇರು ಅಡ್ಡವಾದಾಗ ಇವು ಕೆಳಬದಿಗೆ ಜಾರುತ್ತವೆ. ಕಾಂಡದಿಂದ ಬೇರಿನ ನಡುವಿನ ನಾಳದ ಮೂಲಕ ಇಳಿದು, ತುದಿಯಲ್ಲಿ ಕಾರಂಜಿಯಂತೆ ತಿರುಗಿ ಹೊರಪದರಗಳಲ್ಲಿ ಮೇಲೇರುವ ಆಕ್ಸಿನ್, ಆಗ ಕೆಳಬದಿಗೆ ಹೆಚ್ಚಾಗಿ ಹರಿಯುತ್ತದೆ. ಕಾಂಡವನ್ನು ನೀಳಗೊಳಿಸುವಷ್ಟು ಆಕ್ಸಿನ್ ಬೇರಿಗೆ ಅತಿಯಾಗಿ, ಅದರ ನೀಳತೆಯನ್ನು ಕುಂಠಿಸುತ್ತದೆ. ಕೆಳಬದಿ ನಿಧಾನವಾಗಿ, ಮೇಲ್ಬದಿ ಮುಂದುವರಿದು, ಬೇರು ನೆಲದತ್ತ ಬಾಗುತ್ತದೆ.

ಭತ್ತದಲ್ಲಿ ಇದು ಬರಿಯ ಪ್ರಯೋಗಾಲಯದ ಕುತೂಹಲವಲ್ಲ. ನಮ್ಮ ರೈತರಿಗೂ ಪರಿಚಿತವಾದ ಐಆರ್ 64 ತಳಿಯ ಬೇರುಗಳು ಮೇಲ್ಮಟ್ಟದಲ್ಲೇ ಹರಡುತ್ತವೆ. ಫಿಲಿಪೈನ್ಸ್‌ನ ಒಣಭೂಮಿ ಭತ್ತವಾದ ಕಿನಂದಾಂಗ್ ಪಟೋಂಗ್‌ನ ಬೇರುಗಳು ಆಳಕ್ಕಿಳಿಯುತ್ತವೆ. ಈ ಆಳಕ್ಕೆ ಕಾರಣವಾದ ಡಿಆರ್‌ಒ1 ಎಂಬ ವಂಶವಾಹಿಯನ್ನು ಜಪಾನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಅದು ಆಕ್ಸಿನ್‌ನ ಹತೋಟಿಯಲ್ಲಿ ಕೆಲಸ ಮಾಡುತ್ತದೆ. ಅದನ್ನು ಐಆರ್ 64ಕ್ಕೆ ಸಂಕರಣದ ಮೂಲಕ ತಂದಾಗ ಬೇರಿನ ಕೋನ ಕಡಿದಾಯಿತು, ಬರದಲ್ಲಿ ಇಳುವರಿ ಸುಧಾರಿಸಿತು. ಬೀಡಿಯ ಬಯಲಿನಲ್ಲಿ ಕೂರಿಗೆ ಹಿಡಿಯುವವನಿಗೆ ತಳಿಯ ಕಾಳಿನ ಉದ್ದದಷ್ಟೇ ಅದರ ಬೇರಿನ ಕೋನವೂ ಮುಖ್ಯವೆಂದು ನನ್ನ ಅಭಿಪ್ರಾಯ. ಬೀಜದ ಚೀಲದ ಮೇಲೆ ಈ ಮಾಹಿತಿಯನ್ನು ನಾನಂತೂ ಕಂಡಿಲ್ಲ.

ಮಣ್ಣು ಒಣಗತೊಡಗಿದಾಗ ಅಬ್ಸಿಸಿಕ್ ಆಮ್ಲ ಬೇರಿನಲ್ಲಿ ಏರುತ್ತದೆ. ಇದನ್ನು ಬೆಳವಣಿಗೆಯ ಪ್ರತಿಬಂಧಕವೆಂದೇ ಹೆಸರಿಸುವುದು ವಾಡಿಕೆ. ಆದರೆ ಮೆಕ್ಕೆಜೋಳದ ಪ್ರಯೋಗಗಳಲ್ಲಿ, ನೀರು ಕಡಿಮೆಯಾದಾಗಲೂ ಬೇರು ನೀಳವಾಗುತ್ತಲೇ ಇರಲು ಈ ಆಮ್ಲವೇ ಅಗತ್ಯವೆಂದು ಕಂಡುಬಂದಿತು. ಅದು ಮಾಡುವುದು ಎಥಿಲೀನ್‌ನ ಉತ್ಪಾದನೆಗೆ ಕಡಿವಾಣ ಹಾಕುವುದನ್ನು.

ಗಟ್ಟಿಮಣ್ಣು, ನಿಂತ ನೀರು

ಎಥಿಲೀನ್ ಅನಿಲರೂಪದ ಹಾರ್ಮೋನು. ಸಡಿಲ ಮಣ್ಣಿನಲ್ಲಿ ಅದು ಬೇರಿನಿಂದ ಹೊರಬಂದು ರಂಧ್ರಗಳ ಮೂಲಕ ಚದುರಿಹೋಗುತ್ತದೆ. ಟ್ರ್ಯಾಕ್ಟರಿನ ಭಾರದಿಂದಲೋ ವರ್ಷವರ್ಷವೂ ಕೆಸರು ಮಾಡುವುದರಿಂದಲೋ ಮಣ್ಣು ಒತ್ತಿ ಗಟ್ಟಿಯಾಗಿದ್ದರೆ ಅದು ಬೇರಿನ ಸುತ್ತಲೇ ಸಿಕ್ಕಿಕೊಳ್ಳುತ್ತದೆ. ಗಟ್ಟಿಮಣ್ಣನ್ನು ನೂಕುವ ಬಲ ಬೇರಿಗಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯದನ್ನೇ ಹೇಳಿತು: ಎಥಿಲೀನ್‌ನ ಸಂಕೇತವನ್ನು ಗ್ರಹಿಸಲಾರದ ಭತ್ತದ ಸಸಿಗಳು ಅದೇ ಗಟ್ಟಿಮಣ್ಣನ್ನು ಹೆಚ್ಚು ಸುಲಭವಾಗಿ ತೂರಿಕೊಂಡು ಹೋದವು. ಅಂದರೆ ಬೇರು ನಿಲ್ಲುವುದು ಬಲಹೀನತೆಯಿಂದಷ್ಟೇ ಅಲ್ಲ, ನಿಲ್ಲೆಂಬ ಸಂಕೇತದಿಂದಲೂ ಹೌದು. ಮರುವರ್ಷದ ಸಂಶೋಧನೆಯಿಂದ, ಈ ಸಂಕೇತವನ್ನು ಎಥಿಲೀನ್ ಆಕ್ಸಿನ್ ಹಾಗೂ ಅಬ್ಸಿಸಿಕ್ ಆಮ್ಲಗಳ ಮೂಲಕ ಜಾರಿಗೊಳಿಸುತ್ತದೆ ಎಂದು ತಿಳಿದುಬಂದಿತು. ಒಣಮಣ್ಣಿನಲ್ಲಿ ಎಥಿಲೀನ್‌ಗೆ ಕಡಿವಾಣ ಹಾಕಿದ ಆಮ್ಲವೇ ಇಲ್ಲಿ ಅದರ ಕೈಯಾಳಾಗಿ ಬೇರನ್ನು ಗಿಡ್ಡವಾಗಿ, ದಪ್ಪವಾಗಿ ಮಾಡುತ್ತದೆ!

ಗದ್ದೆಯಲ್ಲಿ ನೀರು ನಿಂತಾಗ ಇದೇ ಅನಿಲ ಇನ್ನೊಂದು ಪಾತ್ರ ವಹಿಸುತ್ತದೆ. ಗಾಳಿಗಿಂತ ನೀರಿನಲ್ಲಿ ಅನಿಲಗಳು ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಚಲಿಸುತ್ತವೆ. ಆಮ್ಲಜನಕ ಒಳಬರುವುದಿಲ್ಲ, ಎಥಿಲೀನ್ ಹೊರಹೋಗುವುದಿಲ್ಲ. ಹೀಗೆ ಕೂಡಿಕೊಂಡ ಎಥಿಲೀನ್, ಹೊರಪದರಕ್ಕೂ ನಡುವಿನ ನಾಳಗಳಿಗೂ ಮಧ್ಯೆ ಇರುವ ಕೆಲವು ಜೀವಕೋಶಗಳನ್ನು ಸಾಯಿಸುತ್ತದೆ. ಅವು ಅಳಿದ ಸ್ಥಳವೇ ಗಾಳಿಯ ಕೊಳವೆಯಾಗುತ್ತದೆ. ಎಲೆಯಿಂದ ಬೇರಿನ ತುದಿಯವರೆಗೆ ಆಮ್ಲಜನಕ ಸಾಗುವುದು ಈ ಹಾದಿಯಲ್ಲಿ. ಭತ್ತದಲ್ಲಿ ಇಂತಹ ಕೊಳವೆಗಳು ಒಣಮಣ್ಣಿನಲ್ಲಿಯೂ ಸ್ವಲ್ಪಮಟ್ಟಿಗೆ ಇರುತ್ತವೆ, ನೀರು ನಿಂತಾಗ ಹೆಚ್ಚುತ್ತವೆ. ಕಾಂಡದ ಗಿಣ್ಣುಗಳಲ್ಲಿ ಸುಪ್ತವಾಗಿದ್ದ ಬೇರಿನ ಮೊಳಕೆಗಳೂ ಆಗ ಎಚ್ಚರಗೊಳ್ಳುತ್ತವೆ. ಈ ಮೊಳಕೆಗಳ ಹುಟ್ಟಿಗೆ ಆಕ್ಸಿನ್ ಬೇಕು. ಅವು ಹೊರಬರಲು ಎಥಿಲೀನ್ ಬೇಕು. ಮೊಳಕೆಯ ನೇರ ಮೇಲಿರುವ ತೊಗಲಿನ ಜೀವಕೋಶಗಳನ್ನು ಮಾತ್ರ ಅದು ಸಾಯಿಸಿ ಬಾಗಿಲು ತೆರೆಯುತ್ತದೆ. ಜಿಬ್ಬರೆಲಿನ್ ಈ ಕೆಲಸಕ್ಕೆ ಒತ್ತಾಸೆ ನೀಡಿದರೆ ಅಬ್ಸಿಸಿಕ್ ಆಮ್ಲ ಎದುರು ನಿಲ್ಲುತ್ತದೆ.

ಬೇರು ಬೆಳೆಸುವುದಾಗಿ ಹೇಳಿ ಮಾರಾಟವಾಗುವ ಸೀಸೆಗಳ ವಿಷಯದಲ್ಲಿ ಎಚ್ಚರ ಅಗತ್ಯವೆನ್ನುವುದು ಇದೇ ಕಾರಣಕ್ಕೆ. ಕತ್ತರಿಸಿದ ಕಡ್ಡಿಗೆ ಆಕ್ಸಿನ್ ಪುಡಿ ಹಚ್ಚಿ ಬೇರು ಬರಿಸುವುದು ಸಸ್ಯಕ್ಷೇತ್ರಗಳಲ್ಲಿ ಪರೀಕ್ಷಿತ ವಿಧಾನ. ನಿಂತ ಪೈರಿನ ಎಲೆಯ ಮೇಲೆ ಒಂದೇ ಹಾರ್ಮೋನನ್ನು ಸಿಂಪಡಿಸಿ ಬೇರನ್ನು ಆಳಕ್ಕಿಳಿಸುತ್ತೇನೆಂಬುದು ಬೇರೆಯ ಮಾತು. ಗಟ್ಟಿ ಪದರವನ್ನು ಬೇಸಿಗೆಯಲ್ಲಿ ಆಳವಾಗಿ ಉತ್ತು ಒಡೆದರೆ, ಎಥಿಲೀನ್ ಹೊರಹೋಗಲು ದಾರಿಯಾಗುತ್ತದೆ.

ಬೆಳಗಾವಿ ನಗರದ ಅಂಚಿನಲ್ಲಿ ಶಹಾಪುರ, ವಡಗಾವಿ, ಯಳ್ಳೂರುಗಳ ಭತ್ತದ ಗದ್ದೆಗಳಿಗೆ ಬಳ್ಳಾರಿ ನಾಲಾ ಉಕ್ಕಿ ನುಗ್ಗಿದಾಗ ಪೈರು ಪೂರ್ತಿ ಮುಳುಗುವುದುಂಟು. ಎಲೆಯ ತುದಿಯೇ ನೀರಿನೊಳಗಿದ್ದರೆ ಗಾಳಿಯ ಕೊಳವೆಗೆ ತುಂಬಿಕೊಳ್ಳಲು ಗಾಳಿ ದೊರೆಯುವುದು ಕಷ್ಟ. ನೀರಿಳಿದ ಮೇಲೆ ಪೈರಿನ ಗತಿಯನ್ನು ತಿಳಿಯಲು ಒಂದು ಬುಡವನ್ನು ಕಿತ್ತು ತೊಳೆದು ನೋಡಬಹುದು. ಬೇರಿನ ಮೇಲೆ ತುಕ್ಕಿನ ಬಣ್ಣದ ಲೇಪವಿದ್ದು ತುದಿ ಬೆಳ್ಳಗಿದ್ದರೆ, ಕೊಳವೆಗಳ ಮೂಲಕ ಬಂದ ಆಮ್ಲಜನಕ ಹೊರಸೂಸಿ ಮಣ್ಣಿನ ಕಬ್ಬಿಣವನ್ನು ತುಕ್ಕಾಗಿಸಿದೆ ಎಂದರ್ಥ, ಬೇರು ಉಸಿರಾಡುತ್ತಿದೆ. ಖಾನಾಪುರದ ಕಬ್ಬಿಣಾಂಶದ ಕೆಂಪುಮಣ್ಣಿನಲ್ಲಿ ಈ ಲೇಪವನ್ನು ಸುಲಭವಾಗಿ ಗುರುತಿಸಬಹುದು. ಬೇರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಆಮ್ಲಜನಕ ಅಲ್ಲಿಗೆ ತಲುಪಿಲ್ಲ. ಆಗ ಗಿಣ್ಣಿನ ಬಳಿ ಹೊಸ ಬಿಳಿ ಬೇರುಗಳು ಒಡೆದಿವೆಯೇ ಎಂದು ನೋಡಬೇಕು.